ಅಮೆಜಾನ್ ಕಾಡು ಮತ್ತು ಆ ಶೇ. 20ರ ಲೆಕ್ಕ

ಭೂಮಿಯ ಶೇ. 20ರಷ್ಟು ಆಮ್ಲಜನಕ ಅಮೆಜಾನ್ ಕಾಡಿನದ್ದು ಎಂಬ ಮೆಸೇಜ್ ಆಗಾಗ ಬರುತ್ತಲೇ ಇರುತ್ತದೆ. ಕಾಡಿನ ಮೇಲಿನ ಪ್ರೀತಿಯಿಂದಲೇ ಕಳಿಸುತ್ತಾರೆ. ಆದರೆ ಲೆಕ್ಕ ತಪ್ಪು. ಮರಗಳು ಹಗಲಲ್ಲಿ ಆಮ್ಲಜನಕ ಬಿಡುತ್ತವೆ, ನಿಜ. ಅವೂ ಉಸಿರಾಡುತ್ತವೆ ಅಲ್ವಾ? ಯಾವುದೇ ಕಾಡಿನಲ್ಲಿ ಒದ್ದೆ ತರಗೆಲೆ ಎತ್ತಿ ನೋಡಿ. ಅಡಿಯಲ್ಲಿ ಬಿಳಿ ಬೂಷ್ಟು, ಹುಳು. ಎಲೆ ಕೊಳೆಸುವ ಇವಕ್ಕೂ ಆಮ್ಲಜನಕ ಬೇಕು. ಕೊನೆಗೆ ಉಳಿಯುವುದು ಹೆಚ್ಚುಕಡಿಮೆ ಸೊನ್ನೆ. ಗಾಳಿಯಲ್ಲಿರುವ ಶೇ. 21ರಷ್ಟು ಆಮ್ಲಜನಕ ಕೋಟ್ಯಂತರ ವರ್ಷಗಳ ಗಳಿಕೆ.

ಇಂಥ ಅಂಕಿ ಬಂದರೆ ಎರಡು ಪ್ರಶ್ನೆ ಕೇಳಿ: ಇದು ಖರ್ಚು ಕಳೆದ ಮೇಲಿನ ಲೆಕ್ಕವಾ? ಎಲ್ಲಿ, ಯಾರು ಅಳೆದದ್ದು? ಉತ್ತರ ಸಿಗದಿದ್ದರೆ ಸುಮ್ನೆ ಫಾರ್ವರ್ಡ್ ಮಾಡಬೇಡಿ.

ಅಂದಹಾಗೆ, ನೀರಿನ ವಿಷಯದಲ್ಲಿ ಇದೇ ಅಂಕಿ ಬಹುತೇಕ ಸರಿ. ಜಗತ್ತಿನ ನದಿಗಳು ಸಮುದ್ರಕ್ಕೆ ಸುರಿಯುವ ನೀರಿನಲ್ಲಿ ಸುಮಾರು ಐದರಲ್ಲೊಂದು ಪಾಲು ಅಮೆಜಾನ್ ಒಂದರದೇ.