ಕಾರಿನ ಹಾಡು, ನಮ್ಮ ಪಾಡು

ಕಾರಿನ ಎಂಜಿನ್ ಕೆಟ್ಟರೆ ಮನೆಯಲ್ಲಿ ಯಾರೂ ತುಟಿ ಪಿಟಕ್ಕೆನ್ನುವುದಿಲ್ಲ. ಅದು ಮೆಕ್ಯಾನಿಕ್ಕಿಗೆ ಬಿಟ್ಟ ವಿಷಯ. ಹಾಡು ಹಾಡುವ ಸೆಟ್ ಕೆಟ್ಟರೆ ಮಾತ್ರ ಎಲ್ಲರೂ ಪಂಡಿತರೇ. ಅತ್ತೆಗೊಂದು ಅಭಿಪ್ರಾಯ, ಮಗನಿಗೊಂದು, ಕಾರು ಓಡಿಸಲು ಬಾರದ ನಮ್ಮ ಯಜಮಾನರಿಗಂತೂ ಎರಡೆರಡು.

ನಮ್ಮ ಹಳೇ ಕಾರಿನಲ್ಲಿ ಕಂಪನಿಯವರೇ ಕೂರಿಸಿಕೊಟ್ಟ ಸೆಟ್ ಇತ್ತು. ವಯಸ್ಸಾಗುತ್ತಾ ಅದಕ್ಕೆ ಒಂದೊಂದೇ ಚಾಳಿ ಹತ್ತಿಕೊಂಡಿತು. ವಾಲ್ಯೂಮ್ ಜಾಸ್ತಿ ಮಾಡಲು ತಿರುಗಿಸಿದರೆ ಕಡಿಮೆಯಾಗುತ್ತಿತ್ತು. ಕಡಿಮೆ ಮಾಡಲು ಹೋದರೆ ಪಕ್ಕದ ಆಟೋದವನು ತಿರುಗಿ ನೋಡುವಷ್ಟು ಕಿರುಚುತ್ತಿತ್ತು. ಆ ಗುಂಡಿಯೊಳಗಿನ ಕಾಂಟ್ಯಾಕ್ಟ್ ಸವೆದು ಧೂಳು ಹಿಡಿದರೆ ಹಾಗೇ. ನಾವು ಯಾವ ಕಡೆ ತಿರುಗಿಸುತ್ತಿದ್ದೇವೆ ಅನ್ನೋದೇ ಸೆಟ್ಟಿಗೆ ತಿಳಿಯುವುದಿಲ್ಲ. ಮಗ ಆಸೆಯಿಂದ 64 ಜಿಬಿ ಪೆನ್ ಡ್ರೈವ್ ತಂದು ಚುಚ್ಚಿದ. 'ಎರರ್' ಅಂತು. ಆ ಕಾಲದ ಸೆಟ್‌ಗಳಿಗೆ ಫ್ಯಾಟ್ 32 ಎಂಬ ಹಳೇ ಫಾರ್ಮ್ಯಾಟ್ ಬಿಟ್ಟರೆ ಬೇರೆ ಅರ್ಥವಾಗುವುದಿಲ್ಲ. ಇನ್ನು ಸಿಡಿ ಹಾಕುವ ಸಂದಿನಲ್ಲಿ ದಾಸರ ಪದಗಳ ಡಿಸ್ಕ್ ಒಂದು ಎಷ್ಟೋ ವರ್ಷದಿಂದ ಸಿಕ್ಕಿಕೊಂಡಿತ್ತು. ಹೊರಗೂ ಬರದು, ಒಳಗೂ ಹಾಡದು. ಎಜೆಕ್ಟ್ ಒತ್ತಿದರೆ ಕರ್‍ರ್ ಕರ್‍ರ್ ಎಂದು ನರಳಿ ಸುಮ್ಮನಾಗುತ್ತಿತ್ತು.

ಇಷ್ಟಾದರೂ ಅತ್ತೆ ಸುಖವಾಗಿದ್ದರು. ಅವರಿಗೆ ಬೇಕಿದ್ದದ್ದು ರೇಡಿಯೊ ಒಂದೇ. 101.3ರಲ್ಲಿ ಕಾಮನಬಿಲ್ಲು, ಅದು ಬೇಜಾರಾದರೆ 102.9ರಲ್ಲಿ ವಿವಿಧ ಭಾರತಿ. ಎರಡೂ ಆಕಾಶವಾಣಿಯೇ. ಉಳಿದ ಸ್ಟೇಷನ್‌ಗಳಲ್ಲಿ ಮಾತಾಡುವ ಹುಡುಗರು ಉಸಿರು ಯಾವಾಗ ತಗೋತಾರೋ ಅಂತ ಅವರಿಗೆ ಆತಂಕ.

ಹೀಗಿರುವಾಗ ಬ್ಯಾಟರಿ ಸತ್ತಿತು. ಹೊಸದು ಹಾಕಿಸಿ ಕೀ ತಿರುಗಿಸಿದರೆ ಕಾರು ಸ್ಟಾರ್ಟ್ ಆಯಿತು. ಸೆಟ್ ಮಾತ್ರ 'ಕೋಡ್' ಎಂದು ಕೇಳುತ್ತಾ ಕೂತಿತು.

ಒಂದು ಕಾಲದಲ್ಲಿ ಗಾಜು ಒಡೆದು ಕಾರಿನ ಸೆಟ್ ಕದಿಯುವವರ ಕಾಟ ಜಾಸ್ತಿ ಇತ್ತು. ಅದಕ್ಕೆ ಕೆಲವು ಕಂಪನಿಗಳು ಒಂದು ಉಪಾಯ ಮಾಡಿದವು. ವೈರ್ ಕಿತ್ತು ಕರೆಂಟ್ ತಪ್ಪಿದರೆ ಸಾಕು, ಆಮೇಲೆ ನಾಲ್ಕು ಅಂಕಿಯ ಗುಟ್ಟಿನ ನಂಬರ್ ಒತ್ತುವವರೆಗೆ ಸೆಟ್ ಬಾಯಿ ಬಿಡುವುದಿಲ್ಲ. ಕದ್ದವನಿಗೆ ದಕ್ಕಬಾರದು ಅಂತ. ನಮ್ಮ ವಿಷಯದಲ್ಲಿ ಕಳ್ಳ ಬರಲೇ ಇಲ್ಲ, ಮಾಲೀಕರಿಗೂ ದಕ್ಕಲಿಲ್ಲ. ಆ ನಂಬರಿನ ಕಾರ್ಡು ಕಾರಿನ ಪುಸ್ತಕದ ಜೊತೆ ಇರಬೇಕಿತ್ತು. ಡ್ಯಾಶ್‌ಬೋರ್ಡ್ ಡಬ್ಬದಲ್ಲಿ ಹುಡುಕಿದರೆ ಅವಧಿ ಮುಗಿದ ಇನ್ಶೂರೆನ್ಸ್ ಕಾಗದ ಸಿಕ್ಕಿತು, ಟೋಲ್ ರಸೀದಿ ಸಿಕ್ಕಿತು, ಧರ್ಮಸ್ಥಳದ ಕುಂಕುಮದ ಪೊಟ್ಟಣ ಸಿಕ್ಕಿತು. ಕಾರ್ಡ್ ಇಲ್ಲ. ಯಜಮಾನರು ಮಗನ ಹುಟ್ಟಿದ ದಿನ ಒತ್ತಿದರು, ನಮ್ಮ ಮದುವೆ ದಿನ ಒತ್ತಿದರು. ಕಾರು ತಯಾರಿಸಿದವರಿಗೆ ನಮ್ಮ ಮದುವೆ ದಿನ ಯಾಕೆ ಗೊತ್ತಿರಬೇಕು ಅಂತ ಕೇಳಿದೆ. "ಸುಮ್ನೆ ಟ್ರೈ ಮಾಡಿದೆ ಕಣೇ" ಅಂದರು. ಸೆಟ್‌ಗೂ ಸಿಟ್ಟು ಬಂದು 'ವೆಯ್ಟ್' ಎಂದು ಹೇಳಿ, ಗುಂಡಿ ಒತ್ತಿದರೂ ಕೇಳಿಸಿಕೊಳ್ಳುವುದನ್ನೇ ನಿಲ್ಲಿಸಿಬಿಟ್ಟಿತು.

ಸರ್ವಿಸ್ ಸ್ಟೇಷನ್‌ಗೆ ಫೋನ್ ಮಾಡಿದರೆ, ಸೆಟ್ಟಿನ ಸೀರಿಯಲ್ ನಂಬರ್ ಕೊಟ್ಟರೆ ಕೋಡ್ ಹುಡುಕಿ ಕೊಡುತ್ತೇವೆ ಅಂದರು. ಸೀರಿಯಲ್ ನಂಬರ್ ಎಲ್ಲಿರುತ್ತೆ? ಸೆಟ್ಟಿನ ಮೈಮೇಲೆ ಅಂಟಿಸಿದ ಸ್ಟಿಕ್ಕರಿನಲ್ಲಿ. ಅದನ್ನು ನೋಡಬೇಕಾದರೆ ಸೆಟ್ ಹೊರಗೆ ತೆಗೆಯಬೇಕು. ತೆಗೆಯಲು ಬೇರೆ ಚಾರ್ಜು. "ತೆಗೆಯೋದೇ ಆದ್ರೆ ವಾಪಸ್ ಯಾಕೆ ಹಾಕ್ಬೇಕು? ದೊಡ್ಡ ಸ್ಕ್ರೀನ್ ಹಾಕಿಸೋಣ" ಅಂದರು ಯಜಮಾನರು. ಈ ಮಾತು ಅವರ ನಾಲಿಗೆ ತುದಿಯಲ್ಲೇ ಇತ್ತು ಅನ್ನುವುದು ನನ್ನ ಅನುಮಾನ. ಐಪಿಎಲ್ ಹತ್ತಿರ ಬಂದಿತ್ತು.

ಬೆಂಗಳೂರಿನಲ್ಲಿ ಕಾರಿಗೆ ಏನೇ ಹಾಕಿಸಬೇಕಾದರೂ ಜೆ.ಸಿ. ರಸ್ತೆ. ಟೌನ್‌ಹಾಲ್ ದಾಟಿ ಮಿನರ್ವ ಸರ್ಕಲ್ ಕಡೆಗೆ ಹೊರಟು ಕಾರು ಸ್ವಲ್ಪ ನಿಧಾನ ಮಾಡಿದರೆ ಸಾಕು, ಸೀಟ್ ಕವರ್, ಸೆಟ್, ಹಾರ್ನ್ ಎನ್ನುತ್ತಾ ಹುಡುಗರು ಬಾನೆಟ್ಟಿಗೇ ಅಡ್ಡ ಬರುತ್ತಾರೆ. ಒಂದು ಅಂಗಡಿ ಮುಂದೆ ನಿಲ್ಲಿಸಿದೆ. ಕಾರು ಓಡಿಸಿಕೊಂಡು ಬಂದವಳು ನಾನು, ದುಡ್ಡು ಕೊಡುವವಳು ನಾನು. ಅಂಗಡಿಯವನು ಮಾತಾಡಿದ್ದು ಪೂರ್ತಿ ಯಜಮಾನರ ಹತ್ತಿರ.

"ಸರ್, 9 ಇಂಚು ಆಂಡ್ರಾಯ್ಡ್. ನಾಲ್ಕು ಸ್ಪೀಕರ್‌ಗೆ 50 ಇಂಟು 4. ಒಟ್ಟು 200 ವ್ಯಾಟ್ ಸರ್!"

ಯಜಮಾನರು ಬ್ಯಾಂಕಿನವರು. 200 ಅಂದರೆ ಒಳ್ಳೇ ಮೊತ್ತವೇ ಇರಬೇಕು ಅಂತ ತಲೆದೂಗಿದರು. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವಳು. ಸೆಟ್ ತಿರುಗಿಸಿ ಹಿಂಭಾಗ ನೋಡಿದೆ. 10 ಆಂಪಿಯರ್ ಫ್ಯೂಸ್ ಇತ್ತು. ಎಂಜಿನ್ ಓಡುವಾಗ ಕಾರಿನಲ್ಲಿ ಸಿಗುವುದು ಸುಮಾರು 14 ವೋಲ್ಟ್. ಹತ್ತಹದಿನಾಲ್ಕಲೇ ನೂರ ನಲವತ್ತು. "ಒಳಗೆ 140 ವ್ಯಾಟ್ ಹೋಗಿ ಹೊರಗೆ 200 ಬರುತ್ತಾ? ಹಾಗಿದ್ರೆ ಇದನ್ನ ಕಾರಿಗೆ ಯಾಕೆ ಹಾಕ್ತೀರಪ್ಪ, ಕೆಇಬಿಗೆ ಮಾರಿ" ಅಂದೆ. ಅವನು ನನ್ನ ಕಡೆ ನೋಡಿ ನಕ್ಕು, ಮತ್ತೆ ಯಜಮಾನರ ಕಡೆ ತಿರುಗಿ, "ಪೀಕ್ ವ್ಯಾಟ್ ಸರ್" ಅಂದ. ಅಂದರೆ ಒಂದು ಕ್ಷಣ ಮಾತ್ರ ಮುಟ್ಟುವ ಗರಿಷ್ಠ. 4 ಓಂ ಸ್ಪೀಕರಿಗೆ ಇಂಥ ಸೆಟ್ಟಿನಿಂದ ಒಡಕಿಲ್ಲದೆ 25 ವ್ಯಾಟ್ ಬಂದರೆ ದೊಡ್ಡದು. ಡಬ್ಬದ ಮೇಲಿನ 50 ಡಬ್ಬದ ಮೇಲೇ ಇರುತ್ತೆ. ಕೊನೆಗೂ ಕೊಂಡದ್ದು ಅದನ್ನೇ ಬಿಡಿ, ಆದರೆ ಬೆಲೆ ಇಳಿಸುವಾಗ ನನ್ನ ಲೆಕ್ಕ ಕೆಲಸಕ್ಕೆ ಬಂತು.

ಸೆಟ್ ಕೂರಿಸುವ ಹುಡುಗ ಚುರುಕಾಗಿದ್ದ. ಪ್ಲಾಸ್ಟಿಕ್ ಪಟ್ಟಿಯೊಂದನ್ನು ಡ್ಯಾಶ್‌ಬೋರ್ಡಿನ ಸಂದಿಗೆ ತೂರಿಸಿ ಮೀಟಿದ. ಟಕ್ ಟಕ್ ಎಂದು ಕ್ಲಿಪ್ ಬಿಟ್ಟವು. ಒಂದು ಸಲ ಮಾತ್ರ ಟಪ್ ಅಂತು. "ಕ್ಲಿಪ್ ಮುರೀತಾ?" ಅಂದೆ. "ಇಲ್ಲ ಮೇಡಂ, ಅದು ಹಂಗೇ" ಅಂದ. ಹಳೇ ಸೆಟ್ ಹೊರಬಂದ ಮೇಲೆ ಒಳಗಿನ ಗುಹೆಯಲ್ಲಿ ಬಣ್ಣಬಣ್ಣದ ವೈರ್ ಕಂಡವು. ಹುಡುಗ ಬಾಯಿಪಾಠ ಒಪ್ಪಿಸಿದ: "ಹಳದಿ ಡೈರೆಕ್ಟು, ಕೆಂಪು ಕೀದು, ಕಪ್ಪು ಅರ್ಥು." ನನ್ನ ವಿದ್ಯಾರ್ಥಿಗಳಲ್ಲಿ ಇಷ್ಟು ಖಚಿತವಾಗಿ ಉತ್ತರ ಹೇಳುವವರು ಕಡಿಮೆ. ಹಳದಿ, ಕೆಂಪು ಅದಲುಬದಲಾದರೆ ಕೀ ತೆಗೆದಾಗಲೆಲ್ಲ ಸೆಟ್ ಎಲ್ಲಾ ಮರೆಯುತ್ತೆ. ಎರಡನ್ನೂ ಡೈರೆಕ್ಟಿಗೇ ಸೇರಿಸಿದರೆ ರಾತ್ರಿಯಿಡೀ ಆನ್ ಇದ್ದು ಬ್ಯಾಟರಿ ಕುಡಿಯುತ್ತೆ. ಅಂಗಡಿಯವನು ವೈರ್‌ಗಳನ್ನೆಲ್ಲ ಒಟ್ಟಿಗೆ ಸೆಟ್ಟಿಗೆ ಚುಚ್ಚುವ ಕಂಪನಿ ಕಪ್ಲರ್ ಕತ್ತರಿಸಲು ಕಟ್ಟರ್ ಹಿಡಿದು ಬಂದ. ನಾನು ಕೈ ಅಡ್ಡ ಹಿಡಿದೆ. ಆ ಕಾರಿಗೇ ಹೊಂದುವ ಬೇರೆ ಕಪ್ಲರ್ ಸಿಗುತ್ತೆ, ಒಂದೂ ವೈರ್ ಕತ್ತರಿಸದೆ ಚುಚ್ಚಿದರಾಯಿತು. ಅದೇನೂ ಭಾರಿ ಖರ್ಚಲ್ಲ. ಆದರೆ ಕೇಳದೆ ಯಾರೂ ಕೊಡುವುದಿಲ್ಲ.

"ಹಳೇ ಸೆಟ್ ಒಳಗೆ ನಮ್ಮ ಸಿಡಿ ಇದೆ, ತೆಗೆದುಕೊಡಪ್ಪ" ಅಂದೆ. ಹುಡುಗ ಮೇಲಿನ ತಗಡಿನ ಸ್ಕ್ರೂ ಬಿಚ್ಚಿ ಚಿಮಟದಲ್ಲಿ ದಾಸರನ್ನು ಎತ್ತಿದ. ಅದರ ಕೆಳಗೆ ಇನ್ನೇನೋ ಸಿಕ್ಕಿಕೊಂಡಿತ್ತು. ಎಳೆದರೆ ಎಟಿಎಂ ಕಾರ್ಡಿನಷ್ಟು ಅಗಲದ ಒಂದು ಕಾರ್ಡ್. ಮೇಲೆ ದಪ್ಪ ಅಕ್ಷರದಲ್ಲಿ ನಾಲ್ಕು ಅಂಕಿ.

ಕೋಡ್.

ಕಾರು ಕೊಂಡಾಗ ಮಗನಿಗೆ ಸಂದು ಕಂಡಲ್ಲೆಲ್ಲ ಏನಾದರೂ ತುರುಕುವ ವಯಸ್ಸು. ಬೀಗದ ಕೀಯನ್ನು ಬೀಗದೊಳಗೇ ಬಚ್ಚಿಟ್ಟಿದ್ದ ಮಹಾನುಭಾವ. ಈಗ ಹೈಸ್ಕೂಲು. ಕೇಳಿದರೆ "ನಂಗೆ ಜ್ಞಾಪಕ ಇಲ್ಲ" ಅನ್ನುತ್ತಾನೆ. ಅಂಗಡಿಯವನು ಕಾರ್ಡ್ ನೋಡಿ ಖುಷಿಯಾದ. "ಕೋಡ್ ಇದ್ರೆ ಹಳೇ ಸೆಟ್‌ಗೆ ಇನ್ನೂ ಇನ್ನೂರು ಜಾಸ್ತಿ ಕೊಡ್ತೀನಿ ಸರ್."

ಹೊಸ ಸೆಟ್ ಹೊತ್ತಿಕೊಂಡಿತು. ಮ್ಯಾಪ್, ಬ್ಲೂಟೂತ್, ಹಿಂದಿನ ಕ್ಯಾಮರಾ, ಎಲ್ಲ ಇತ್ತು. ಅತ್ತೆಯನ್ನು ಕೂರಿಸಿ ರೇಡಿಯೊ ಹಾಕಿದರೆ ಬಂದದ್ದು ಬರೀ ಸುಯ್ ಅನ್ನುವ ಸದ್ದು. "ಏನಮ್ಮಾ ಇದು, ಇಷ್ಟು ದೊಡ್ಡ ಟಿವಿ ಹಾಕ್ಸಿದೀರಿ, ಆಕಾಶವಾಣಿ ಬರಲ್ವಾ?" ಅಂದರು. ಅಂಗಡಿಯವನಿಗೆ ಫೋನ್ ಮಾಡಿದರೆ "ಇಂಟರ್‌ನೆಟ್ ರೇಡಿಯೊ ಕೇಳ್ಸಿ ಮೇಡಂ" ಅಂದ. ಫೋನಿನಲ್ಲಾದರೂ ಮೇಡಂ ಜೊತೆ ಮಾತಾಡಿದ, ಬೇರೆ ದಾರಿ ಇರಲಿಲ್ಲ.

ವಿಷಯ ಇಷ್ಟೇ. ಇಂಥ ಕಾರುಗಳ ಛಾವಣಿ ಮೇಲಿನ ಗಿಡ್ಡ ಆಂಟೆನಾ ಬರೀ ಕಡ್ಡಿಯಲ್ಲ. ಗಿಡ್ಡ ಇರುವುದರಿಂದ ಅದು ಹಿಡಿಯುವ ಸಿಗ್ನಲ್ ಕಡಿಮೆ. ಅದಕ್ಕೇ ಬುಡದಲ್ಲಿ ಪುಟ್ಟ ಆಂಪ್ಲಿಫೈಯರ್ ಇರುತ್ತೆ. ಅದಕ್ಕೆ ಕರೆಂಟ್ ಬೇಕು. ಕಂಪನಿ ಸೆಟ್ ಕೊಡುತ್ತಿತ್ತು. ಹೊಸ ಸೆಟ್ಟಿನಲ್ಲಿ ಅದಕ್ಕೆಂದೇ ನೀಲಿ ವೈರ್ ಇದೆ. ಹುಡುಗನ ಬಾಯಿಪಾಠದಲ್ಲಿ ಹಳದಿ ಇತ್ತು, ಕೆಂಪು ಇತ್ತು, ಕಪ್ಪು ಇತ್ತು, ನೀಲಿ ಇರಲಿಲ್ಲ. ಮತ್ತೆ ಹೋಗಿ ಬಿಚ್ಚಿಸಿದರೆ ಆ ನೀಲಿ ವೈರ್ ತುದಿಗೆ ಟೇಪ್ ಸುತ್ತಿಸಿಕೊಂಡು ಒಂದು ಮೂಲೆಯಲ್ಲಿ ಬಿದ್ದಿತ್ತು. ಸೇರಿಸಿದ ಕೂಡಲೇ 101.3 ಬಂತು. ಅಲ್ಲೇ ಮುರಿದ ಕ್ಲಿಪ್ಪೂ ಸಿಕ್ಕಿತು.

ಹಾಡು ಮಾತ್ರ ಮೊದಲಿಗಿಂತ ಏನೂ ಇಂಪಾಗಿರಲಿಲ್ಲ. ಹೇಗಾದೀತು? ಕಂಪನಿಯವರ ಕಾಗದದ ಸ್ಪೀಕರ್ ಹಾಗೇ ಬಾಗಿಲಲ್ಲಿತ್ತು. ಅಂಗಡಿಗಳಲ್ಲಿ ಎಲ್ಲರೂ ಮಾರುವುದು ಕಣ್ಣಿಗೆ ಕಾಣುವ ಸ್ಕ್ರೀನ್, ಹಾಡು ಬರುವುದು ಬಾಗಿಲಿನಿಂದ. ನನ್ನನ್ನು ಕೇಳಿದರೆ ಮೊದಲ ದುಡ್ಡು ಬಾಗಿಲಿಗೇ ಸುರಿಯಬೇಕು. ಒಳಗಿನ ಪ್ಲಾಸ್ಟಿಕ್ ಹೊದಿಕೆ ತೆಗೆದು ನೋಡಿ, ತಗಡಿನ ತುಂಬ ತೂತು. ಸ್ಪೀಕರಿನ ಕೋನ್ ಮುಂದಕ್ಕೆ ಗಾಳಿ ತಳ್ಳುವಾಗ ಹಿಂದೆ ಎಳೆಯುತ್ತೆ. ಆ ಹಿಂದಿನ ಅಲೆ ತೂತಿನಿಂದ ಸುತ್ತಿ ಬಂದು ಮುಂದಿನ ಅಲೆಯನ್ನೇ ನುಂಗುತ್ತೆ. ಮೃದಂಗದ ತೊಪ್ಪಿ, ಅಂದರೆ ಎಡಗಡೆಯ ದಪ್ಪ ಸದ್ದು, ನಾಪತ್ತೆಯಾಗುವುದು ಹೀಗೆ. ಹಾಗಾಗಿ ಸ್ಪೀಕರ್ ಬದಲಿಸಿ, ರಬ್ಬರಿಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿದ ಡ್ಯಾಂಪಿಂಗ್ ಶೀಟ್ ಹಾಕಿಸಿ ತೂತು ಮುಚ್ಚಿಸಿದೆ. ಆಗ ಮೃದಂಗ ಬಂತು. ಬಾಗಿಲು ಹಾಕುವ ಸದ್ದೂ ಗಟ್ಟಿಯಾಯಿತು. ದೊಡ್ಡ ಕಾರಿನ ಬಾಗಿಲಿನ ಹಾಗೆ ಧಪ್ ಅನ್ನುತ್ತೆ ಅಂತ ಯಜಮಾನರು ಬಂದವರಿಗೆಲ್ಲ ಹಾಕಿ ತೆಗೆದು ತೋರಿಸುತ್ತಾರೆ.

ಅವರ ಕ್ರಿಕೆಟ್ ಕಥೆ ಒಂದು ಉಳಿಯಿತು. ಹ್ಯಾಂಡ್‌ಬ್ರೇಕ್ ಹಾಕಿದ್ದರೆ ಮಾತ್ರ ಸೆಟ್ಟಿನಲ್ಲಿ ವಿಡಿಯೊ ಬರುತ್ತೆ. "ಹ್ಯಾಂಡ್‌ಬ್ರೇಕ್ ವೈರ್‌ನ ಅರ್ಥ್‌ಗೆ ಸೇರ್‍ಸಿಬಿಟ್ರೆ ಓಡ್ತಿದ್ರೂ ಬರುತ್ತೆ ಸರ್, ಎಲ್ರೂ ಮಾಡಿಸ್ಕೊಳ್ತಾರೆ" ಅಂದಿದ್ದ ಅಂಗಡಿಯವನು. ಅದು ಬೇಡವೇ ಬೇಡ, ಓಡಿಸುವವಳು ನಾನು ಅಂದಿದ್ದೆ. ಯಜಮಾನರು ಮುಖ ಸಣ್ಣ ಮಾಡಿಕೊಂಡರೂ ಒಪ್ಪಿದ್ದರು.

ಮೊನ್ನೆ ಎಲೆಕ್ಟ್ರಾನಿಕ್ ಸಿಟಿಗೆ, ನಾದಿನಿ ಮನೆಗೆ ಹೊರಟಿದ್ದೆವು. ಮ್ಯಾಚ್ ಇತ್ತು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಕಾರು ನಿಂತಿತು. ಪಕ್ಕದಿಂದ ಒಂದು ಕೈ ಮೆಲ್ಲಗೆ ಬಂದು ಕರಕ್ ಎಂದು ಹ್ಯಾಂಡ್‌ಬ್ರೇಕ್ ಎಳೆಯಿತು. ಸ್ಕ್ರೀನಿನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣ ಬೆಳಗಿತು. ಹಿಂದಿನ ಸೀಟಿನಿಂದ "ನನ್ನ ವಿವಿಧ ಭಾರತಿ ಎಲ್ಲೋಯ್ತು?" ಎಂದು ಅತ್ತೆ ಕೇಳಿದರು.

"ಒಂದು ಓವರ್ ಅಷ್ಟೇ ಅಮ್ಮ, ಸಿಲ್ಕ್ ಬೋರ್ಡ್ ಇದು, ಆರಾಮಾಗಿ ಮುಗಿಯುತ್ತೆ" ಅಂದರು ಯಜಮಾನರು.

ಮುಗಿಯಿತು. ಎರಡನೇ ಓವರಿನ ಅರ್ಧವೂ ಆಯಿತು.