ಬಾಯಿ ಇರೋದು ಡ್ರೈವ್‌ಗೆ ಮಾತ್ರ

ಪೀಣ್ಯದಲ್ಲಿ ಸರ್ವೊ ಡ್ರೈವ್ (ಮೋಟರ್ ಎಷ್ಟು ತಿರುಗಬೇಕು, ಎಲ್ಲಿ ನಿಲ್ಲಬೇಕು ಅಂತ ಹಿಡಿತದಲ್ಲಿಡುವ ಪೆಟ್ಟಿಗೆ) ಆರಿಸುವುದಕ್ಕೆ ಎರಡು ದಾರಿ ಇವೆ. ಲೋಡ್ ಎಷ್ಟು, ಎಷ್ಟು ಬೇಗ ಓಡಬೇಕು, ಎಷ್ಟು ಬೇಗ ನಿಲ್ಲಬೇಕು ಅಂತ ಲೆಕ್ಕ ಹಾಕುವುದು ಒಂದು. "ಪಕ್ಕದ ಶೆಡ್‌ನವರು ಯಾವುದು ಹಾಕಿದ್ದಾರೆ?" ಅಂತ ಕೇಳುವುದು ಇನ್ನೊಂದು. ನನಗೆ ಸಂಬಳ ಬರುವುದು ಮೊದಲನೆಯದಕ್ಕೆ. ಆದರೆ ನಾನು ಲ್ಯಾಪ್‌ಟಾಪ್ ಹಿಡಿದು ಹೋಗುವಷ್ಟರಲ್ಲಿ ಎರಡನೆಯದು ಮುಗಿದು, ಅಡ್ವಾನ್ಸೂ ಕೊಟ್ಟಾಗಿರುತ್ತದೆ.

ಈ ಸಲದ್ದು ಪವರ್ ಪ್ರೆಸ್‌ಗೆ ಪಟ್ಟಿ ತಳ್ಳುವ ರೋಲ್ ಫೀಡರ್. ಪ್ರೆಸ್ ಮೇಲೆದ್ದಾಗ ತಗಡಿನ ಪಟ್ಟಿ ಅಳತೆಗೆ ಸರಿಯಾಗಿ ಮುಂದೆ ಬರಬೇಕು, ಪ್ರೆಸ್ ಇಳಿಯುವ ಮುಂಚೆ ನಿಂತಿರಬೇಕು. ಅಷ್ಟೇ ಕೆಲಸ. ಓನರ್ ಆಗಲೇ 750 ವ್ಯಾಟ್ ಸರ್ವೊ, ಮೋಟರ್ ಮತ್ತು ಡ್ರೈವ್ ಎರಡೂ, ತರಿಸಿಟ್ಟಿದ್ದರು. "ಹಳೇ ಮೋಟರ್ 1 ಎಚ್‌ಪಿ ಇತ್ತಮ್ಮ. ಅಂದ್ರೆ 746 ವ್ಯಾಟ್. ನಾನು 4 ವ್ಯಾಟ್ ಜಾಸ್ತಿನೇ ತಂದಿದೀನಿ" ಅಂದರು. ಮುಖದಲ್ಲಿ ದಾನ ಮಾಡಿದವರ ಕಳೆ.

ಅವರ ಲೆಕ್ಕ ಸರಿಯೇ. ಆದರೆ ಹಳೆಯದು 1440 ಆರ್‌ಪಿಎಂ ಮೋಟರ್, ಸುಮಾರು 5 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತಿತ್ತು. ಸರ್ವೊ 3000 ಆರ್‌ಪಿಎಂನದು, ಅದರ ಟಾರ್ಕ್ 2.39. ವ್ಯಾಟ್ ಅದೇ, ತಿರುಗಿಸುವ ಬಲ ಅರ್ಧ. ಕೆಲವು ಸೆಕೆಂಡಿನ ಮಟ್ಟಿಗೆ ಮೂರು ಪಟ್ಟು ಬಲ ಹಾಕುತ್ತೆ ನಿಜ, ದಿನಪೂರ್ತಿ ಹಾಕು ಅಂದರೆ ಓವರ್‌ಲೋಡ್ ಅಂತ ಕೈಚೆಲ್ಲುತ್ತೆ. ಇದನ್ನೆಲ್ಲ ವಿವರಿಸಿದೆ. ಅವರು ಪೂರ್ತಿ ಕೇಳಿ, "ಅರ್ಧ ಬಲಕ್ಕೆ ಪೂರ್ತಿ ದುಡ್ಡು ಈಸ್ಕೊಂಡ್ರಾ!" ಅಂತ ಡೀಲರ್‌ಗೆ ಫೋನ್ ಮಾಡೋಕೆ ಹೊರಟರು.

ಅದಕ್ಕಿಂತ ದೊಡ್ಡ ತಲೆನೋವು ರೋಲರ್. ಟೊಳ್ಳು ಪೈಪಿನಲ್ಲಿ ಮಾಡಿದ್ದರೆ ಹಗುರವಾಗಿರುತ್ತಿತ್ತು. ಇವರದ್ದು ಗಟ್ಟಿ ಸ್ಟೀಲ್. "ಸಾಲಿಡ್ ರೋಲರ್ ಅಮ್ಮ, ನನ್ನ ಮೊಮ್ಮಕ್ಕಳ ಕಾಲಕ್ಕೂ ಏನೂ ಆಗಲ್ಲ." ರೋಲರ್‌ಗೆ ಏನೂ ಆಗಲ್ಲ, ಸರಿ. ಅದರ ಇನರ್ಶಿಯಾ, ಅಂದರೆ ಹೊರಡೋಕೂ ನಿಲ್ಲೋಕೂ ಮಾಡುವ ಹಠ, ಮೋಟರ್‌ನದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಐದು, ತಪ್ಪಿದರೆ ಹತ್ತು ಪಟ್ಟಿನೊಳಗೆ ಇದ್ದರೆ ಬಾಳಾಟ ಸುಸೂತ್ರ. ಅದು ದಾಟಿದರೆ ಪುಟ್ಟ ಹುಡುಗ ಎಮ್ಮೆಯ ಹಗ್ಗ ಹಿಡಿದ ಹಾಗೆ: ಹೊರಡುವಾಗ ಇವನು ಅದನ್ನು ಎಳೆಯಬೇಕು, ನಿಲ್ಲುವಾಗ ಅದು ಇವನನ್ನು ಎಳೆಯುತ್ತೆ. ನಡುವೆ 5:1 ಗೇರ್‌ಬಾಕ್ಸ್ ಹಾಕಿದರೆ ಟಾರ್ಕ್ ಐದು ಪಟ್ಟಾಗುತ್ತೆ, ಮೋಟರ್‌ಗೆ ತಟ್ಟುವ ಇನರ್ಶಿಯಾ ಇಪ್ಪತ್ತೈದರಲ್ಲಿ ಒಂದು ಪಾಲಿಗೆ ಇಳಿಯುತ್ತೆ. ಇಷ್ಟು ಸಸ್ತಾ ಪವಾಡ ಮೆಕ್ಯಾನಿಕಲ್‌ನಲ್ಲಿ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಓನರ್‌ಗೆ ಬೆಲೆ ಹೇಳಿದೆ. "ದೀಪಾವಳಿ ಆಗ್ಲಿ, ನೋಡೋಣ" ಅಂದರು.

ಇಡೀ ಮಷಿನ್‌ನಲ್ಲಿ ಬಾಯಿ ಇರುವುದು ಡ್ರೈವ್ ಒಂದಕ್ಕೇ. ಬೇರಿಂಗ್ ಸವೆದರೆ ಬೇರಿಂಗ್ ಹೇಳುವುದಿಲ್ಲ. ಮೋಟರನ್ನು ರೋಲರ್‌ಗೆ ಜೋಡಿಸುವ ಕಪ್ಲಿಂಗ್ ಸಡಿಲವಾದರೆ ಕಪ್ಲಿಂಗ್ ತುಟಿ ಬಿಚ್ಚುವುದಿಲ್ಲ. ಎಲ್ಲರ ಪರವಾಗಿ ಡ್ರೈವ್ ಕೆಂಪಗೆ ಒಂದು ಅಲಾರಂ ನಂಬರ್ ತೋರಿಸುತ್ತೆ. ತಕ್ಷಣ ಶೆಡ್ಡಿಗೆ ಶೆಡ್ಡೇ ತೀರ್ಪು ಕೊಡುತ್ತೆ: "ಡ್ರೈವ್ ಹೋಯ್ತು."

ಫಿಟ್ಟಿಂಗ್ ದಿನ ಒಳಗೆ ಕಾಲಿಡುತ್ತಿದ್ದಂತೆ ಟಣ್ ಟಣ್ ಸದ್ದು. ಫಿಟ್ಟರ್ ಅಣ್ಣ ಮೋಟರ್ ಶಾಫ್ಟಿಗೆ ಕಪ್ಲಿಂಗ್ ಕೂರಿಸುತ್ತಿದ್ದರು, ಸುತ್ತಿಗೆಯಲ್ಲಿ. ಓಡಿ ಹೋಗಿ ಕೈ ಹಿಡಿದೆ. "ಮೆತ್ತಗೇ ಹೊಡೀತಿದೀನಿ ಮೇಡಂ, ಮರದ ತುಂಡು ಕೊಟ್ಟಿದೀನಿ ನೋಡಿ" ಅಂದರು. ಹಿಂದೆ ಸುತ್ತು ಎಣಿಸೋ ಎನ್‌ಕೋಡರ್ ಇದೆ ಅಣ್ಣ, ಏಟು ಅಲ್ಲಿಗೇ ಹೋಗೋದು ಅಂದೆ. "ಹಿಂದೆ ಇರೋದು ಫ್ಯಾನ್ ಕವರ್ ಅಲ್ವಾ?" ಆ ಫ್ಯಾನ್ ಕವರ್‌ನೊಳಗಿನ 17 ಬಿಟ್ ಎನ್‌ಕೋಡರ್ ಒಂದು ಸುತ್ತನ್ನು 1,31,072 ಭಾಗ ಮಾಡಿ ಎಣಿಸುತ್ತೆ. ಅಣ್ಣ ಸುತ್ತಿಗೆ ಕೆಳಗಿಟ್ಟು, "ಅಷ್ಟೊಂದು ಯಾಕೆ ಬೇಕು?" ಅಂದರು. ಪಟ್ಟಿಯಲ್ಲಿ ಕಾಲು ಮಿಲಿಮೀಟರ್ ಆಚೀಚೆ ಆದರೂ ನಡೆಯುವ ಕೆಲಸಕ್ಕೆ, ನ್ಯಾಯವಾದ ಪ್ರಶ್ನೆಯೇ. ಕಪ್ಲಿಂಗ್ ಸ್ಕ್ರೂ ಸಡಿಲ ಮಾಡಿದೆವು. ಕೈಯಲ್ಲೇ ಜಾರಿ ಕೂತಿತು. ಅವರಿಗೆ ಬೇಜಾರಾಯ್ತು ಅನ್ಸುತ್ತೆ.

ವೈರಿಂಗ್ ಮುಗಿದು ಪವರ್ ಕೊಟ್ಟರೆ ಮೋಟರ್ ಅಲುಗಲೇ ಇಲ್ಲ. ಡಿಸ್‌ಪ್ಲೇಯಲ್ಲಿ ಎಸ್‌ಟಿಒ, ಸೇಫ್ ಟಾರ್ಕ್ ಆಫ್. ಅಂದರೆ ಸೇಫ್ಟಿ ಲೈನ್ ತೆರೆದಿದೆ, ಟಾರ್ಕ್ ಕೊಡಲ್ಲ ಅಂತ. ಸೇಫ್ಟಿ ರಿಲೇ ವೈರಿಂಗ್ ಆಗುವ ತನಕ ಖಾಲಿ ಮೋಟರ್ ತಿರುಗಿಸಿ ನೋಡೋಕೆ ಡ್ರೈವ್ ಜೊತೆ ಹೆಬ್ಬೆರಳಿನ ಉಗುರಿನಷ್ಟು ಕಪ್ಪು ಪ್ಲಗ್ ಬಂದಿರುತ್ತೆ. ಎಲ್ಲಿ? ಹೆಲ್ಪರ್ ಹುಡುಗ ತುಂಬ ನೀಟು. ಥರ್ಮಾಕೋಲ್, ಸಿಲಿಕಾ ಜೆಲ್ ಪೊಟ್ಟಣ, ಕಾಗದ, ಎಲ್ಲಾ ಬಾಚಿ ಗುಜರಿ ಡಬ್ಬಕ್ಕೆ ಹಾಕಿದ್ದ. ಮಧ್ಯಾಹ್ನ ಪೂರ್ತಿ ನಾವು ನಾಲ್ಕು ಜನ ತಗಡಿನ ಚೂರುಗಳ ನಡುವೆ ಕೈಯಾಡಿಸಿದೆವು. ಪ್ಲಗ್ ಸಿಕ್ಕಿದ್ದು ಅದೇ ಹುಡುಗನ ಜೇಬಲ್ಲಿ. "ಚೆನ್ನಾಗಿತ್ತು, ಇಟ್ಕೊಂಡೆ."

ಆಮೇಲೆ ಪಟ್ಟಿ ಹಿಂದಕ್ಕೆ ಓಡಿತು. ನಾನು ಟೀ ಕುಡಿಯೋಕೆ ಹೋಗಿದ್ದೆ. ಎಲೆಕ್ಟ್ರಿಷಿಯನ್‌ಗೆ ಇದೇನು ಹೊಸದಾ? ಮಾಮೂಲಿ ಮೋಟರ್ ಉಲ್ಟಾ ತಿರುಗಿದರೆ ಎರಡು ಫೇಸ್ ಅದಲುಬದಲು ಮಾಡಿದರೆ ಆಯ್ತು. ಅದನ್ನೇ ಮಾಡಿದರು. ಸರ್ವೊ ಡ್ರೈವ್ ಎನ್‌ಕೋಡರ್ ನೋಡಿಕೊಂಡು ಯಾವ ಸುರುಳಿಗೆ ಯಾವಾಗ ಕರೆಂಟು ಕೊಡಬೇಕು ಅಂತ ತೀರ್ಮಾನಿಸುತ್ತೆ. ಮೋಟರ್‌ಗೆ ಹೋಗುವ ಮೂರು ವೈರ್, ಯು, ವಿ, ಡಬ್ಲ್ಯೂ ಅದಲುಬದಲಾದರೆ ಅದರ ಲೆಕ್ಕವೆಲ್ಲ ಉಲ್ಟಾ. ಮೋಟರ್ ಒಂದು ಸಲ ಧಡಕ್ಕನೆ ಎಗರಿ ಅಲಾರಂ ಕೊಟ್ಟು ನಿಂತಿತು. "ಡ್ರೈವ್ ಹೋಯ್ತು ಮೇಡಂ" ಅಂತ ಅವರೇ ಬಂದು ಹೇಳಿದರು. ವೈರ್ ವಾಪಸ್ ಹಾಕಿಸಿ, ದಿಕ್ಕಿನ ಪ್ಯಾರಾಮೀಟರ್‌ನಲ್ಲಿ 0 ಇದ್ದದ್ದನ್ನು 1 ಮಾಡಿದೆ. ಅವರು ಕೈಯಲ್ಲಿದ್ದ ಟೆಸ್ಟರ್ ನೋಡಿಕೊಂಡು, "ಇಷ್ಟೇನಾ?" ಅಂದರು.

ಡ್ರೈವ್ ತಾನೇ ಲೋಡ್ ಅಳೆದು ಹೊಂದಿಸಿಕೊಳ್ಳುವ ಆಟೋ ಟ್ಯೂನಿಂಗ್ ಶುರು ಮಾಡಿದಾಗ ಮಷಿನ್ ಎಂಥ ಶ್ರುತಿಯಲ್ಲಿ ಕಿರುಚಿತು ಅಂದರೆ, ಎದುರು ಶೆಡ್‌ನವರು ಶಟರ್ ಎತ್ತಿ ನೋಡಿದರು. ಎಮ್ಮೆ, ಹುಡುಗ, ಹಗ್ಗ. ಗೇನ್ (ಡ್ರೈವ್ ತಪ್ಪು ತಿದ್ದುವ ಚುರುಕು) ಇಳಿಸಿದೆ, ಆ ಕಿರುಚುವ ಶ್ರುತಿಯನ್ನಷ್ಟೇ ತಡೆಯುವ ನಾಚ್ ಫಿಲ್ಟರ್ ಹಾಕಿದೆ, ಸದ್ದು ಹೋಯ್ತು. ಸ್ಪೀಡೂ ಒಂದಿಷ್ಟು ಹೋಯ್ತು.

ಓನರ್‌ಗೆ ಆ ಒಂದಿಷ್ಟು ಬೇಕಿತ್ತು. ನಾನಿಲ್ಲದಾಗ ಸ್ಪೀಡ್ ಏರಿಸಿದ್ದಾರೆ. ಪ್ರತಿ ಸಲ ನಿಲ್ಲುವಾಗ ಓವರ್‌ವೋಲ್ಟೇಜ್ ಅಲಾರಂ. ವೋಲ್ಟೇಜ್ ಜಾಸ್ತಿ ಅಂದರೆ ಲೈನಿನದ್ದೇ ತಪ್ಪು ಅಂತ ನಿರ್ಧಾರವಾಗಿ, ನಾನು ಹೋಗುವ ಹೊತ್ತಿಗೆ ಮೂಲೆಯಲ್ಲಿ ಫ್ರಿಜ್ ಗಾತ್ರದ ಹೊಸ ಸ್ಟೆಬಿಲೈಜರ್ ಗುಂಯ್‌ಗುಟ್ಟುತ್ತಿತ್ತು. ಅಲಾರಂ ಮಾತ್ರ ಹಾಗೇ ಇತ್ತು. ಆ ವೋಲ್ಟೇಜ್ ಕಂಬದಿಂದ ಬಂದದ್ದಲ್ಲ, ರೋಲರ್‌ನಿಂದ. ಭಾರದ ರೋಲರನ್ನು ಗಬಕ್ಕನೆ ನಿಲ್ಲಿಸಿದರೆ ಮೋಟರ್ ಜನರೇಟರ್ ಆಗುತ್ತೆ, ಆ ಶಕ್ತಿ ಡ್ರೈವ್‌ನೊಳಕ್ಕೆ ನುಗ್ಗುತ್ತೆ. ಲೈನಿನ ಎಸಿಯನ್ನು ಡಿಸಿ ಮಾಡಿ ಇಟ್ಟುಕೊಳ್ಳುವ ಒಳಗಿನ ಡಿಸಿ ಬಸ್ ಸಾಮಾನ್ಯವಾಗಿ 325 ವೋಲ್ಟ್ ಆಸುಪಾಸು ಇರಬೇಕು. 400 ದಾಟಿ ಸ್ವಲ್ಪ ಮೇಲೆ ಹೋದರೆ ಡ್ರೈವ್ ಜೀವ ಉಳಿಸಿಕೊಳ್ಳೋಕೆ ಟ್ರಿಪ್ ಆಗುತ್ತೆ. ಇದಕ್ಕೆ ಬೇಕಾದದ್ದು ಅಂಗೈ ಗಾತ್ರದ ಒಂದು ಬ್ರೇಕಿಂಗ್ ರೆಸಿಸ್ಟರ್. ಬಂದ ಶಕ್ತಿಯನ್ನು ಬಿಸಿ ಮಾಡಿ ಹೊರಗೆ ಬಿಡುತ್ತೆ. "ಕರೆಂಟು ಸುಟ್ಟು ಹಾಕೋಕೂ ಒಂದು ಪಾರ್ಟಾ!" ಅಂತ ಓನರ್ ಗೊಣಗಿದರು. ರೆಸಿಸ್ಟರ್ ಹಾಕಿದ ಮೇಲೆ ಅಲಾರಂ ನಿಂತಿತು. ಸ್ಟೆಬಿಲೈಜರ್ ದುಡ್ಡಿನಲ್ಲಿ ಗೇರ್‌ಬಾಕ್ಸ್ ಬರುತ್ತಿತ್ತು ಅನ್ನೋ ಮಾತು ನಾಲಿಗೆ ತುದಿಯ ತನಕ ಬಂತು. ಪೇಮೆಂಟ್ ಬಾಕಿ ಇತ್ತು. ನುಂಗಿಕೊಂಡೆ.

ಆಯುಧಪೂಜೆ ಭರ್ಜರಿಯಾಗಿ ಆಯ್ತಂತೆ. ಪ್ಯಾನೆಲ್ ಬಾಗಿಲು ತೆಗೆದು, ಡ್ರೈವ್ ಹಣೆಗೆ ಕುಂಕುಮ, ಮೇಲೆ ಚೆಂಡುಹೂವಿನ ಹಾರ. ಹಬ್ಬ ಮುಗಿಸಿ ಮಷಿನ್ ಹಾಕಿದರೆ ಓವರ್‌ಹೀಟ್ ಅಲಾರಂ. "ಪೂಜೆ ಮಾಡಿದ್ರೂ ಡ್ರೈವ್ ಹೋಯ್ತಲ್ಲಮ್ಮ" ಅಂತ ಫೋನ್. ಹೋಗಿ ಪವರ್ ತೆಗೆಸಿ, ಚಾರ್ಜ್ ಲ್ಯಾಂಪ್ ಆರುವ ತನಕ ಕಾದು, ಡ್ರೈವ್‌ನ ಫ್ಯಾನ್ ಬಿಚ್ಚಿದೆ. ರೆಕ್ಕೆಗಳ ನಡುವೆ ಚೆಂಡುಹೂವಿನ ಎಸಳು ಮುದ್ದೆಯಾಗಿ ಸಿಕ್ಕಿಕೊಂಡು ಫ್ಯಾನ್ ನಿಂತುಬಿಟ್ಟಿತ್ತು. ತೆಗೆದು ಓನರ್ ಅಂಗೈಗೆ ಹಾಕಿದೆ. ಅವರು ಬಹಳ ಹೊತ್ತು ನೋಡಿ, ತಲೆದೂಗಿ, ಎಲೆಕ್ಟ್ರಿಷಿಯನ್ ಕಡೆ ತಿರುಗಿದರು.

"ನಾನು ಹೇಳ್ಲಿಲ್ವಾ, ಮಲ್ಲಿಗೆ ತಗೊಂಬಾ ಅಂತ?"