ಅದು ಪುಕ್ಕಟೆ ಸವಾರಿ ಅಲ್ಲ

ಭಾನುವಾರ ನಾನು ಕೆಲಸ ಮಾಡುವ ರೈಡಿಂಗ್ ಸ್ಕೂಲಿಗೆ ಬಂದಿದ್ದ ಒಬ್ಬರು, ಮಗಳ ಕ್ಲಾಸ್ ಮುಗಿಯೋವರೆಗೆ ಬೇಲಿ ಪಕ್ಕ ನಿಂತು ನನ್ನ ಜೊತೆ ಮಾತಾಡಿದರು. ಒಳ್ಳೆಯವರೇ. ನಾನೂ ಜಂಪಿಂಗ್ ಸ್ಪರ್ಧೆಗೆ (ಕುದುರೆ ಮೇಲೆ ಕೂತು ಬೇಲಿಗಳನ್ನು ಹಾರಿಸೋದು) ತಯಾರಾಗುತ್ತಿದ್ದೇನೆ ಅಂದೆ. "ನಿಮಗೇನಮ್ಮಾ ಕಷ್ಟ? ನಾವಾದ್ರೆ ಗಂಟೆಗಿಷ್ಟು ಅಂತ ದುಡ್ಡು ಕಟ್ಟಬೇಕು. ನಿಮಗೆ ದಿನಾ ಪುಕ್ಕಟೆ ಸವಾರಿ" ಅಂದರು. ನನ್ನ ಎರಡೂ ಕೈಯಲ್ಲಿ ಒಂದೊಂದು ಕುದುರೆ ಇತ್ತು, ಒಂದು ನೊಣಕ್ಕೆ ಕಾಲು ಝಾಡಿಸುತ್ತಿತ್ತು. ಆಗ ಉತ್ತರ ಕೊಡೋಕೆ ಆಗಲಿಲ್ಲ. ಎರಡು ದಿನದಿಂದ ಆ ಮಾತು ತಲೆ ಬಿಟ್ಟು ಹೋಗುತ್ತಿಲ್ಲ. ಇಲ್ಲೇ ಹೇಳಿಬಿಡುತ್ತೇನೆ.

ನಾನು ಕುಣಿಗಲ್ ಕಡೆಯವಳು. ಟಿಪ್ಪು ಕಾಲದಿಂದ ಕುದುರೆ ಸಾಕಿದ ಊರು ಅಂತ ಹೆಮ್ಮೆಯಿಂದ ಹೇಳಿಕೊಳ್ಳುವ ಊರು. ಅಪ್ಪ ಕುದುರೆಮರಿಗಳನ್ನು ನೋಡಿಕೊಂಡೇ ನಮ್ಮನ್ನು ಸಾಕಿದರು. ನಾನು ಬೆಂಗಳೂರಿನ ಹೊರಗೆ ಗ್ರೂಮ್ ಕೆಲಸ, ಅಂದರೆ ಲಾಯದಲ್ಲಿ ಕುದುರೆ ನೋಡಿಕೊಳ್ಳೋ ಕೆಲಸ ಮಾಡುತ್ತೇನೆ. ಹಳಬರು ಸೈಸ್ ಅಂತಾರೆ, ಅದೂ ನನಗೆ ಇಷ್ಟವೇ. ಸ್ಪರ್ಧೆಯಲ್ಲಿ ಬೇಲಿಯ ಎತ್ತರದ ಮೇಲೆ ವಿಭಾಗ ಮಾಡಿರುತ್ತಾರೆ, ಅದಕ್ಕೂ ಕ್ಲಾಸ್ ಅಂತಲೇ ಹೆಸರು. ನಾನು ಈಗ 1 ಮೀಟರ್ ಎತ್ತರದ ಕ್ಲಾಸಿನಲ್ಲಿ ಹಾರಿಸುತ್ತೇನೆ. 1.20ಕ್ಕೆ ಹೋಗಬೇಕು, ಅಲ್ಲಿಂದ ನ್ಯಾಷನಲ್ಸ್. ಇದು ಆಸೆ ಮಾತ್ರ ಅಲ್ಲ, ನಾನು ಬದುಕು ಕಟ್ಟಿಕೊಂಡಿರೋದೇ ಇದರ ಸುತ್ತ.

ನನ್ನ ದಿನ ಶುರುವಾಗೋದು ಕತ್ತಲಲ್ಲಿ. ಮೊದಲು ನೀರು, ಹುಲ್ಲು. ಆಮೇಲೆ ಲದ್ದಿ ಎತ್ತಬೇಕು. ಒಂದು ದೊಡ್ಡ ಕುದುರೆ ದಿನಕ್ಕೆ 15ರಿಂದ 20 ಕೆಜಿ ಲದ್ದಿ ಹಾಕುತ್ತದೆ, ನನ್ನ ಪಾಲಿಗೆ ಇರೋದು ಒಂದೇ ಕುದುರೆ ಅಲ್ಲ. ಒದ್ದೆ ಹಾಸು ತೆಗೆದು ಒಣಗಿದ್ದು ಹರಡಬೇಕು. ಓಟ್ಸ್, ಬೂಸಾ ಯಾವುದಕ್ಕೆ ಎಷ್ಟು ಅಂತ ತಪ್ಪದೆ ಅಳೆಯಬೇಕು. ಗೊರಸು ಎತ್ತಿ ಕೊಕ್ಕೆಯಲ್ಲಿ ಮಣ್ಣು ಕೀಳುವಾಗ ವಾಸನೆ ನೋಡಬೇಕು. ಕೊಳೆತ ವಾಸನೆ ಬಂದರೆ ಗೊರಸಿನ ಅಡಿಯ ಮೆತ್ತನೆ ಭಾಗಕ್ಕೆ ಸೋಂಕು ಹತ್ತಿದೆ ಅಂತ ಅರ್ಥ.

ನಾನು ಎಲ್ಲಕ್ಕಿಂತ ನಿಧಾನವಾಗಿ ಮಾಡೋ ಕೆಲಸ ಕಾಲು ಮುಟ್ಟಿ ನೋಡೋದು. ಮುಂಗಾಲಿನ ಹಿಂಬದಿಯಲ್ಲಿ ಮೊಣಕಾಲಿನಿಂದ ಕೆಳಗೆ ಇಳಿಯುವ ಟೆಂಡನ್ (ಹಗ್ಗದಂಥ ನರ) ಮೇಲೆ ಅಂಗೈ ಇಟ್ಟು ಜಾರಿಸುತ್ತೇನೆ. ಎಡಗಾಲು, ಬಲಗಾಲು, ಮತ್ತೆ ಎಡಗಾಲು. ಒಂದು ಕಾಲು ಇನ್ನೊಂದಕ್ಕಿಂತ ಚೂರು ಬೆಚ್ಚಗಿದ್ದರೂ ಅಂಗೈಗೆ ತಿಳಿಯುತ್ತದೆ. ಕಣ್ಣಿಗೆ ಊತ ಕಾಣೋ ಮೊದಲೇ ತಿಳಿಯುತ್ತದೆ. ಅವತ್ತು ಆ ಕುದುರೆ ಹಾರಬಾರದು. ಇದನ್ನು ನನಗೆ ಕಲಿಸಿದ್ದು ನಮ್ಮ ಲಾಯದ ಚಾಚಾ. ಅವರು ಕೈ ಇಟ್ಟು "ಬೇಡ" ಅಂದರೆ ಕೋಚ್ ಕೂಡ ಎರಡನೇ ಮಾತಾಡಲ್ಲ. ಕುದುರೆಗೆ ಹೊಟ್ಟೆನೋವು ಬಂದರಂತೂ ರಾತ್ರಿಯೆಲ್ಲ ಜಾಗರಣೆ. ಕುದುರೆಗೆ ವಾಂತಿ ಮಾಡೋಕೆ ಆಗಲ್ಲ, ಹೊಟ್ಟೆಯೊಳಗೆ ಸೇರಿದ್ದು ಬಾಯಿಂದ ವಾಪಸ್ ಬರೋ ದಾರಿಯೇ ಇಲ್ಲ. ಡಾಕ್ಟರ್ ಬರೋವರೆಗೆ ಅದು ನೆಲಕ್ಕೆ ಬಿದ್ದು ಹೊರಳದ ಹಾಗೆ ಜೊತೆಗೇ ಇರಬೇಕು.

ಇಷ್ಟೆಲ್ಲ ಆದಮೇಲೆ ಸಿಗುತ್ತದಲ್ಲ, ಅದನ್ನು ಅವರು ಪುಕ್ಕಟೆ ಅಂದರು.

ಮೇಲಾಗಿ, ಅಲ್ಲಿ ಸಿಗೋದು ಸವಾರಿ ಕಲಿಕೆಯೂ ಅಲ್ಲ. ಮಾಲೀಕರು ಊರಲ್ಲಿ ಇಲ್ಲದಾಗ ಕುದುರೆಯನ್ನು ಕಟ್ಟಿಯೇ ಇಡೋಕೆ ಆಗಲ್ಲ, ಕಾಲು ಹಿಡಿದುಕೊಳ್ಳುತ್ತದೆ, ತಲೆ ಕೆಡುತ್ತದೆ. ಅದಕ್ಕೆ ನಾವು ಹತ್ತಿ ನಡೆಸುತ್ತೇವೆ, ಒಂದಷ್ಟು ಟ್ರಾಟ್ (ದುಡುಕು ನಡಿಗೆ), ಒಂದಷ್ಟು ಕ್ಯಾಂಟರ್ (ಹದವಾದ ಓಟ), ವಾಪಸ್. ಅದು ಕುದುರೆಗೆ ವ್ಯಾಯಾಮ. ನನಗೆ ಕೆಲಸ. ಕಲಿಯಬೇಕು ಅಂದರೆ ಕೆಳಗೆ ನಿಂತು ನೋಡುವ ಒಬ್ಬರು ಬೇಕು. "ಹಿಮ್ಮಡಿ ಮೇಲೆ ಹೋಗ್ತಿದೆ, ಕೈ ಗಟ್ಟಿ ಆಯ್ತು, ಹಾರೋಕೆ ಮೊದಲೇ ಮುಂದೆ ಬಾಗಿದೆ" ಅಂತ ಆ ಕ್ಷಣವೇ ಕೂಗಿ ಹೇಳುವವರು ಬೇಕು. ಒಬ್ಬಳೇ ಕೂತು ವರ್ಷಗಟ್ಟಲೆ ಓಡಿಸಿದರೆ ನನ್ನ ತಪ್ಪುಗಳೇ ಗಟ್ಟಿಯಾಗುತ್ತವೆ. ಕೋಚ್‌ಗೆ ಪುರುಸೊತ್ತು ಸಿಕ್ಕಿದ ದಿನ, ಅವರ ಮನಸ್ಸು ಚೆನ್ನಾಗಿದ್ದ ದಿನ, ನನಗೆ ಪಾಠ. ಮೊದಲು ರದ್ದಾಗೋದೂ ಅದೇ.

ಶೋ ದಿನದ ಕಥೆ ಇನ್ನೂ ಬೇಜಾರು. ಜಂಪಿಂಗ್ ಶುರುವಾಗೋ ಮುಂಚೆ ಸವಾರರಿಗೆ ಕೋರ್ಸ್, ಅಂದರೆ ಹಾರಬೇಕಾದ ಬೇಲಿಗಳ ದಾರಿಯನ್ನು, ನಡೆದು ನೋಡೋಕೆ ಸ್ವಲ್ಪ ಹೊತ್ತು ರಿಂಗ್ (ಸ್ಪರ್ಧೆಯ ಅಂಗಳ) ಬಿಟ್ಟುಕೊಡುತ್ತಾರೆ. ಬೂಟು ಹಾಕಿಕೊಂಡು ಎಲ್ಲರೂ ಒಳಗೆ ಹೋಗಿ ಬೇಲಿಯಿಂದ ಬೇಲಿಗೆ ಹೆಜ್ಜೆ ಅಳೆಯುತ್ತಾರೆ. ನಮ್ಮ 4 ಹೆಜ್ಜೆ ಅಂದರೆ ಕುದುರೆಯ ಒಂದು ಸ್ಟ್ರೈಡ್ (ಓಡುವಾಗಿನ ಒಂದು ದಾಪುಗಾಲು), ಸುಮಾರು 12 ಅಡಿ. ಎರಡು ಬೇಲಿ ಮಧ್ಯೆ 24 ಹೆಜ್ಜೆ ಬಂದರೆ, ಇಳಿಯೋಕೆ 2, ಮುಂದಿನದಕ್ಕೆ ಏಳೋಕೆ 2 ಕಳೆದು, ಉಳಿದಿದ್ದು 5 ಸ್ಟ್ರೈಡ್. ಅದು ತಲೆಯಲ್ಲಿ ಇದ್ದರೆ ಧೈರ್ಯವಾಗಿ ಬರಬಹುದು. ಇಲ್ಲದಿದ್ದರೆ ಅಂದಾಜು. ಅಂದಾಜು ತಪ್ಪಿದರೆ ಕುದುರೆಯ ಕಾಲು ತಗುಲಿ ಬೇಲಿಯ ಅಡ್ಡಕೋಲು ಕೆಳಗೆ ಬೀಳುತ್ತದೆ, 4 ಪೆನಾಲ್ಟಿ ಅಂಕ.

ಆ ಹೊತ್ತಿಗೆ ನಾನು ಎಲ್ಲಿರುತ್ತೇನೆ? ಹೊರಗೆ. ಬೇರೆಯವರ ಕುದುರೆಗೆ ಜೀನು ಬಿಗಿದು, ಕಡಿವಾಣ ಹಾಕಿ, ಹಿಡಿದು ನಿಂತಿರುತ್ತೇನೆ. ಕೋರ್ಸ್ ನೋಡಿ ಬಂದವರು ನೇರವಾಗಿ ಹತ್ತಬೇಕಲ್ಲ. ಅದೇ ಕ್ಲಾಸಿನಲ್ಲಿ ನನ್ನ ಹೆಸರೂ ಇರುತ್ತದೆ. ಬೋರ್ಡಿನ ಮೇಲೆ ಹಾಕಿದ ನಕ್ಷೆ ನೋಡಿ, ರಿಂಗಿನ ಸುತ್ತಲ ಬೇಲಿ ಸಂದಿಯಿಂದ ಇಣುಕಿ, ಮೊದಲು ಹೋದವರ ಸ್ಟ್ರೈಡ್ ಎಣಿಸಿ ನಾನು ಒಳಗೆ ಹೋಗಬೇಕು. ಇದನ್ನು ಹೇಳಿದಾಗ ಒಬ್ಬರು "ನಿಂಗೆ ಅಭ್ಯಾಸ ಆಗಿದೆ ಬಿಡು" ಅಂದರು. ಅಭ್ಯಾಸ ಆಗಿಲ್ಲ ಸಾರ್. ಪ್ರತಿ ಸಲ ಹೊಟ್ಟೆ ಉರಿಯುತ್ತದೆ.

ಒಂದು ವಾದ ಬಂದೇ ಬರುತ್ತದೆ, ಗೊತ್ತು. "ಕುದುರೆ ಲಕ್ಷಾಂತರ ರೂಪಾಯಿಯದ್ದು, ಮೇವು, ಲಾಳ, ಡಾಕ್ಟರ್ ಎಲ್ಲಾ ಅವರ ಖರ್ಚು. ಅಂಥ ಕುದುರೆ ಮೇಲೆ ಕೂರೋಕೆ ಬಿಡೋದೇ ದೊಡ್ಡದು." ಖರ್ಚು ಇರೋದು ನಿಜ, ಐದಾರು ವಾರಕ್ಕೊಮ್ಮೆ ಲಾಳ ಹೊಡೆಯುವವರನ್ನು ಕರೆಯೋದು ನಾನೇ, ಬಿಲ್ ನೋಡಿದ್ದೇನೆ. ಆದರೆ ಆ ಲಕ್ಷಾಂತರ ರೂಪಾಯಿಯ ಕುದುರೆಯ ಜೀವ ರಾತ್ರಿ ಎರಡು ಗಂಟೆಗೆ ನನ್ನ ಕೈಯಲ್ಲಿ ಇರಬಹುದು, ಬೆಳಗ್ಗೆ ಅದರ ಬೆನ್ನ ಮೇಲೆ ಅರ್ಧ ಗಂಟೆ ಪಾಠಕ್ಕೆ ನಾನು ಇರಬಾರದು ಅಂದರೆ ಹೇಗೆ? ಈ ವಾದ ನನಗೆ ಒಪ್ಪಿಗೆ ಇಲ್ಲ.

ಬೇರೆ ಕಡೆ ಆಗುತ್ತದೆ. ಜರ್ಮನಿಯಲ್ಲಿ ಫೆರ್ಡೆವಿರ್ಟ್ ಅಂತ ಕುದುರೆ ಕಸುಬಿಗೇ 3 ವರ್ಷದ ತರಬೇತಿ ಇದೆ. ಲಾಯದ ಕೆಲಸ, ಸವಾರಿ ಎರಡೂ ಅದರೊಳಗೇ ಬರುತ್ತವೆ, ತಿಂಗಳಿಗೆ ಸಂಬಳವೂ ಇದೆ, ಕೊನೆಗೆ ಪರೀಕ್ಷೆ. ಅಷ್ಟು ದೂರ ಯಾಕೆ, ನಮ್ಮ ಸೇನೆ ನೋಡಿ. ಅಲ್ಲಿ ಕುದುರೆ ಉಜ್ಜೋದೂ ಡ್ಯೂಟಿ, ಸವಾರಿಯೂ ಡ್ಯೂಟಿ. 1982ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಈವೆಂಟಿಂಗ್ (ಜಂಪಿಂಗ್ ಸೇರಿ ಮೂರು ಬಗೆಯ ಸವಾರಿ ಪರೀಕ್ಷೆ) ಚಿನ್ನ ಗೆದ್ದ ರಘುಬೀರ್ ಸಿಂಗ್ ಸೇನೆಯ ಕುದುರೆ ಪಡೆ 61ನೇ ಕ್ಯಾವಲ್ರಿಯವರು. ಅವರ ಹಿಂದೆ ಇದ್ದದ್ದು ಸ್ವಂತ ಕುದುರೆ ಕೊಳ್ಳೋ ಶ್ರೀಮಂತಿಕೆ ಅಲ್ಲ, ಆ ವ್ಯವಸ್ಥೆ.

ಇಂಗ್ಲೆಂಡಿನ ಕುದುರೆ ಸವಾರರಾದ ಷಾರ್ಲಟ್ ಡುಜಾರ್ಡಿನ್ 2007ರಲ್ಲಿ ಕಾರ್ಲ್ ಹೆಸ್ಟರ್ ಅನ್ನೋ ಹೆಸರಾಂತ ಸವಾರರ ಲಾಯಕ್ಕೆ ಗ್ರೂಮ್ ಆಗಿ ಸೇರಿದವರು. ಅಲ್ಲಿ ಅವರಿಗೆ ವಾಲೆಗ್ರೋ ಅನ್ನೋ ಎಳೆ ಕುದುರೆಯನ್ನು ಪಳಗಿಸೋಕೆ ಕೊಟ್ಟರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಅದೇ ಕುದುರೆ ಮೇಲೆ ಎರಡು ಚಿನ್ನ. 2024ರಲ್ಲಿ ಅವರು ಕುದುರೆಯ ಕಾಲಿಗೆ ಚಾವಟಿಯಲ್ಲಿ ಹೊಡೆದ ವಿಡಿಯೋ ಹೊರಬಂತು, ಪ್ಯಾರಿಸ್ ಒಲಿಂಪಿಕ್ಸ್ ತಪ್ಪಿತು, ಒಂದು ವರ್ಷ ನಿಷೇಧವೂ ಆಯಿತು. ಅದನ್ನು ನಾನು ಯಾವತ್ತೂ ಸಮರ್ಥಿಸಲ್ಲ, ಆ ವಿಡಿಯೋ ಪೂರ್ತಿ ನೋಡೋಕೂ ನನ್ನಿಂದ ಆಗಲಿಲ್ಲ. ನಾನು ಹೇಳ್ತಿರೋದು ಬಾಗಿಲಿನ ಬಗ್ಗೆ. ಗ್ರೂಮ್‌ಗೆ ಒಳ್ಳೆ ಕುದುರೆ, ಒಳ್ಳೆ ಗುರು ಸಿಗುವ ಬಾಗಿಲು ಅಲ್ಲಿ ತೆರೆದಿತ್ತು.

ನಮ್ಮ ಬೆಂಗಳೂರಿನ ಸವಾರ ಫೌವಾದ್ ಮಿರ್ಜಾ 2018ರಲ್ಲಿ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ತಂದಾಗ ಲಾಯದಲ್ಲಿ ನಾವು ಕುಣಿದಿದ್ದೇವೆ. ಅಲ್ಲಿ ಕುದುರೆ ಸವಾರಿಯಲ್ಲಿ ನಮಗೆ ವೈಯಕ್ತಿಕ ಪದಕ ಅಂತ 1982ರ ನಂತರ ಮೊದಲು ಬಂದದ್ದು ಅದೇ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಅವರು 23ನೇ ಸ್ಥಾನ ಪಡೆದ ದಿನ ಚಾಚಾ ಎಲ್ಲರಿಗೂ ಟೀ ಕೊಡಿಸಿದರು. ಅವರ ಮೇಲೆ ನನಗೆ ತುಂಬಾ ಗೌರವ. ಅವರ ಹಿಂದೆ ಇನ್ನೂ ಹತ್ತು ಜನ ಬರಬೇಕು ಅಂದರೆ, ಆ ಹತ್ತರಲ್ಲಿ ಒಬ್ಬರಾದರೂ ಲದ್ದಿ ಎತ್ತುವವರ ಮಧ್ಯದಿಂದ ಬರಲಿ ಅಂತ ಕೇಳೋದು ಜಾಸ್ತಿ ಆಯ್ತಾ?

ಒಂದು ವಿಷಯ ಯಾರಿಗೂ ಹೇಳಿರಲಿಲ್ಲ. ಶೋ ಹಿಂದಿನ ರಾತ್ರಿ ನಾನು ಒಬ್ಬ ಚಿಕ್ಕ ಹುಡುಗಿಯ ಪೋನಿಗೆ ಜೂಲು ಹೆಣೆಯುತ್ತೇನೆ. ಅವಳು ಪಕ್ಕದಲ್ಲಿ ಬಕೆಟ್ ಮೇಲೆ ಕೂತು ರಬ್ಬರ್ ಬ್ಯಾಂಡ್ ಕೊಡುತ್ತಾಳೆ, "ಅಕ್ಕಾ, ನಾಳೆ ನೀವೂ ಗೆಲ್ತೀರಾ?" ಅಂತಾಳೆ. ಅವಳನ್ನು ಕಂಡರೆ ಪ್ರಾಣ. ಆದರೂ ಅವಳ ವಯಸ್ಸಿಗೆ ಅವಳಿಗೆ ಸಿಕ್ಕಿರೋ ಪಾಠಗಳನ್ನು ನೆನೆದು ಹೊಟ್ಟೆಕಿಚ್ಚು ಪಟ್ಟಿದ್ದೇನೆ. ಸೊಂಟ ನೋವಿನಲ್ಲಿ ನಿದ್ದೆ ಬರದ ರಾತ್ರಿ ಎಲ್ಲ ಬಿಟ್ಟು ಊರಿಗೆ ಹೋಗಿಬಿಡೋಣ ಅಂತಲೂ ಅನ್ನಿಸಿದೆ. ಅಪ್ಪ ಫೋನಿನಲ್ಲಿ "ಕುದುರೆ ಹೆಂಗಿದಾವೆ ಮಗಾ" ಅಂತ ಮೊದಲು ಕೇಳುತ್ತಾರೆ, ಆಮೇಲೆ "ನೀನು?" ಅಂತ. ಆ ಎರಡನೇ ಪ್ರಶ್ನೆಗೆ ನಾನು ನಿಜ ಹೇಳೋದು ಕಮ್ಮಿ.

ನಾನು ಕೇಳುತ್ತಿರೋದು ಸಂಬಳ ಜಾಸ್ತಿ ಮಾಡಿ ಅಂತ ಅಲ್ಲ (ಮಾಡಿದರೆ ಬೇಡ ಅನ್ನಲ್ಲ). ಕೆಲಸಕ್ಕೆ ಸೇರಿಸಿಕೊಳ್ಳುವಾಗ ಕಾಗದದಲ್ಲಿ ಬರೆಯಿರಿ: ವಾರಕ್ಕೆ ಇಷ್ಟು ಪಾಠ, ಈ ಕುದುರೆ, ಈ ಹೊತ್ತು. ರಜೆ, ಊಟ, ಇಎಸ್‌ಐ ಬರೆದ ಹಾಗೆ ಅದನ್ನೂ ಬರೆಯಿರಿ. ಆಗ ಅದು ಯಾರ ಉಪಕಾರವೂ ಆಗಲ್ಲ. ಇನ್ನು ಇದನ್ನು ಓದುತ್ತಿರುವ ಅಪ್ಪ ಅಮ್ಮಂದಿರಿಗೆ: ಮುಂದಿನ ಶೋನಲ್ಲಿ ನಿಮ್ಮ ಮಗು ಕೋರ್ಸ್ ನೋಡೋಕೆ ಒಳಗೆ ಹೋದಾಗ, ನಿಮ್ಮ ಗ್ರೂಮ್‌ಗೂ ಆ ಕ್ಲಾಸಿನಲ್ಲಿ ಎಂಟ್ರಿ ಇದೆಯಾ ಅಂತ ಕೇಳಿ. ಇದ್ದರೆ ಅಷ್ಟು ಹೊತ್ತು ಕುದುರೆಯನ್ನು ನೀವು ಹಿಡಿದುಕೊಳ್ಳಿ. ಹೇಗೆ ಹಿಡಿಯಬೇಕು, ಎಲ್ಲಿ ನಿಲ್ಲಬೇಕು ಅಂತ ಹಿಂದಿನ ದಿನವೇ ನಾನು ಹೇಳಿಕೊಡುತ್ತೇನೆ.